ಎಲ್‌ಎನ್‌ಬಿ ಪಾಲುಪತ್ರ

ಒಂದು ಟಿವಿಗೆ ಕಿತ್ತಾಡುವ ಕುಟುಂಬ ಕೋಣೆಗೊಂದು ಟಿವಿ ಬಂದರೆ ತೆಪ್ಪಗಾಗುತ್ತದೆ ಅಂತ ನಂಬಿದವರು ಮಾತ್ರ ಗೋಡೆಯೊಳಗೆ ಕೇಬಲ್ ಎಳೆಸುತ್ತಾರೆ. 2011ರಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮನೆ ಕೊಂಡಾಗ ನಾವೂ ನಂಬಿದ್ದೆವು. ಪ್ಲಾಸ್ಟರ್‌ಬೋರ್ಡ್ ಹೊಡೆಯುವ ಮುಂಚೆಯೇ ಕೇಬಲ್ ಬಿದ್ದರೆ ಅಗ್ಗ. ಬಿಲ್ಡರನ್ನು ಕಾಡಿ ಬೇಡಿ ಒಪ್ಪಿಸಿ, ಸೌತಾಲ್‌ನಿಂದ ಡಿಶ್ ಕೂರಿಸುವ ಒಬ್ಬ ಸರ್ದಾರ್ಜಿಯನ್ನು ಕರೆಸಿದೆ. ಅದೇ ಹೊತ್ತಿಗೆ ಆರು ತಿಂಗಳ ವೀಸಾದಲ್ಲಿ ಅಪ್ಪ ಅಮ್ಮ ಬಂದಿಳಿದಿದ್ದರು. ಅದು ಸರ್ದಾರ್ಜಿಯ ಗ್ರಹಚಾರ.

ಅಪ್ಪ ಸರ್ವೆ ಇಲಾಖೆಯ ಮೋಜಣಿದಾರರು. ಹಾಸನ ಜಿಲ್ಲೆಯ ಅಣ್ಣತಮ್ಮಂದಿರ ಪಾಲುಪಾರಿಕತ್ತಿನಲ್ಲಿ ಸರಪಳಿ ಎಳೆದು ಎಳೆದು ನಿವೃತ್ತರಾದವರು. ಮನೆಯ ನಕ್ಷೆ ಹರಡಿಕೊಂಡು ಕೂತರು.

"ಡಿಶ್ ಒಂದೇ ತಾನೆ? ಒಂದು ತಂತಿ ಇಳಿಸಿ, ಒಳಗೆ ಕವಲು ಮಾಡಿ ಹಂಚಿದರಾಯ್ತಪ್ಪ."

ಆಗಲ್ಲ ಅಂದ ಸರ್ದಾರ್ಜಿ. ಮೇಲಿಂದ ಬರುವ ಅಲೆಗಳಲ್ಲಿ ನಿಂತವು, ಮಲಗಿದವು ಅಂತ ಎರಡು ಜಾತಿ. ಟಿವಿ ಪಕ್ಕದ ಬಾಕ್ಸು ನಿಂತವು ಬೇಕಾದರೆ ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿಗೆ 13 ವೋಲ್ಟ್ ಕಳಿಸುತ್ತದೆ, ಮಲಗಿದವು ಬೇಕಾದರೆ 18. ಮೇಲಿನ ಬ್ಯಾಂಡ್ ಬೇಕೆಂದರೆ ಜೊತೆಗೆ 22 ಕಿಲೋಹರ್ಟ್ಜ್‌ನ ಒಂದು ರಾಗ. ಒಂದೇ ತಂತಿಗೆ ಎರಡು ಬಾಕ್ಸ್ ಕಟ್ಟಿ, ಒಂದು 13 ಕೇಳಿ ಇನ್ನೊಂದು 18 ಕೇಳಿದರೆ, 18 ಕೇಳಿದವರ ಮಾತೇ ನಡೆಯುವುದು. ಇನ್ನೊಬ್ಬರಿಗೆ ಕಪ್ಪು ಪರದೆ.

ಇದನ್ನು ನಾನು ಕನ್ನಡಕ್ಕೆ ತಂದು ಹೇಳಿದಾಗ ಅಪ್ಪ ಒಮ್ಮೆ ಅಮ್ಮನ ಕಡೆ ನೋಡಿ, "ಗೊತ್ತಾಯ್ತು, ಬಿಡು" ಅಂದರು.

ಹಾಗಾಗಿ ನಾಲ್ಕು ಬಾಯಿಯ ಎಲ್‌ಎನ್‌ಬಿ, ಪ್ರತಿ ಬಾಯಿಂದಲೂ ಬೇರೆ ಬೇರೆ ತಂತಿ. ಸಮಾನ ಪಾಲು ಅಂತ ಅಪ್ಪ ಪೆನ್ಸಿಲ್ ಎತ್ತಿದರು. ಅಲ್ಲೇ ಮೊದಲ ತಕರಾರು. ಹಾಲ್‌ನಲ್ಲಿ ರೆಕಾರ್ಡ್ ಮಾಡುವ ಬಾಕ್ಸ್. ಒಂದು ಚಾನೆಲ್ ನೋಡುತ್ತಾ ಇನ್ನೊಂದನ್ನು ಹಿಡಿದಿಡಬೇಕಾದರೆ ಅದಕ್ಕೆ ಎರಡು ತಂತಿ ಬೇಕು.

"ಹಿರೀಮಗ ಅಂತ ಎರಡು ಪಾಲಾ?" ಅಂದಳು ಅಮ್ಮ.

ಕೊನೆಗೆ ಹಾಲ್‌ಗೆ ಎರಡು, ಅಪ್ಪ ಅಮ್ಮನ ಕೋಣೆಗೆ ಒಂದು, ಮಕ್ಕಳ ಕೋಣೆಗೆ ಒಂದು ಅಂತ ತೀರ್ಮಾನವಾಯಿತು. ಅಡುಗೆಮನೆಗೆ ಟಿವಿ ಯಾಕೆ ಅಂತ ಗಂಡಸರಿಬ್ಬರೂ ಒಮ್ಮತದಿಂದ ಠರಾವು ಮಾಡಿದೆವು. ನಮ್ಮವಳು ಏನೂ ಹೇಳಲಿಲ್ಲ. ಹೇಳದಿದ್ದದ್ದನ್ನು ನಾವು ಗಮನಿಸಲೂ ಇಲ್ಲ.

ಡಿಶ್ ಕೂರಿಸುವಾಗ ಅಮ್ಮನಿಗೆ ಪರಮಾನಂದ. ಇಲ್ಲಿನ ಚಾನೆಲ್‌ಗಳ ಆಸ್ಟ್ರಾ ಉಪಗ್ರಹಗಳು 28.2 ಡಿಗ್ರಿ ಪೂರ್ವದಲ್ಲಿ, ಕಾಂಗೋ ದೇಶದ ನೆತ್ತಿಯ ಮೇಲೆ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿವೆ. ರೆಡಿಂಗ್‌ನಿಂದ ನೋಡಿದರೆ ಅದು ಆಗ್ನೇಯ. "ನೋಡು, ಬೆಂಕಿ ಕರೆಂಟು ಎಲ್ಲ ಆಗ್ನೇಯಕ್ಕೇ ಇರಬೇಕು, ವಾಸ್ತು ಸರಿಯಾಗಿದೆ." ಟಿವಿ ಲೈಸೆನ್ಸ್ ಮಾತ್ರ ಅಪ್ಪನಿಗೆ ಇಷ್ಟವಾಯಿತು. ಆಗ ವರ್ಷಕ್ಕೆ 145.50 ಪೌಂಡ್, ಮನೆಯಲ್ಲಿ ಎಷ್ಟೇ ಟಿವಿ ಇರಲಿ ಒಂದೇ ಲೈಸೆನ್ಸ್. "ಜಂಟಿ ಖಾತೆ! ನಮ್ಮಲ್ಲಿ ರೇಡಿಯೋ ಲೈಸೆನ್ಸಿಗೆ ಪೋಸ್ಟಾಫೀಸಲ್ಲಿ ದುಡ್ಡು ಕಟ್ಟಿದ್ದು ನೆನಪಾಯ್ತು ನೋಡು."

ಪಾಲು ಸಿಕ್ಕಿದ್ದೇ ಬಂತು, ಫಸಲು ಬರಲಿಲ್ಲ. ಅಪ್ಪ ಅಮ್ಮನ ಕೋಣೆಯಲ್ಲಿದ್ದದ್ದು ಚಂದಾ ಇಲ್ಲದ ಫ್ರೀಸ್ಯಾಟ್ ಬಾಕ್ಸು. ಅಮ್ಮನ ಹಿಂದಿ ಧಾರಾವಾಹಿ ಬರುವುದು ಚಂದಾ ಚಾನೆಲ್ಲಿನಲ್ಲಿ. ಅದರ ಕಾರ್ಡು ಹಾಲ್‌ನ ಬಾಕ್ಸಿನೊಳಗೆ. ಕ್ರಿಕೆಟ್ಟೂ ಅದರಲ್ಲೇ. ಎರಡನೇ ಕಾರ್ಡಿಗೆ ತಿಂಗಳು ತಿಂಗಳು ಬೇರೆ ಕಂದಾಯ.

ಆಗ ನಮ್ಮವಳು ಬಾಯಿಬಿಟ್ಟಳು. ಬಿಲ್ಡರ್ ತಾನಾಗಿಯೇ ಅಡುಗೆಮನೆಗೆ ಹಾಕಿದ್ದ ಮಾಮೂಲಿ ಆಂಟೆನಾ ತಂತಿಯೊಂದು ಇತ್ತಲ್ಲ? ಸರ್ದಾರ್ಜಿಯನ್ನು ಅವಳೇ ಫೋನ್ ಮಾಡಿ ಕರೆಸಿ, ಹಾಲ್‌ನ ಬಾಕ್ಸಿನ ಚಿತ್ರವನ್ನು ಆ ತಂತಿಯಲ್ಲಿ ಅಡುಗೆಮನೆಯ ಪುಟ್ಟ ಟಿವಿಗೆ ಹರಿಸಿ, ಅದರ ತುದಿಗೆ 'ಮ್ಯಾಜಿಕ್ ಐ' ಅನ್ನುವ ಬೆಂಡೆಕಾಯಿ ಬೀಜದಂಥ ಕಣ್ಣು ಅಂಟಿಸಿಕೊಂಡಳು. ಅದಕ್ಕೆ ರಿಮೋಟ್ ತೋರಿಸಿದರೆ ಆಜ್ಞೆ ಅದೇ ತಂತಿಯಲ್ಲಿ ವಾಪಸ್ಸು ಹಾಲ್‌ಗೆ ಹೋಗಿ ಚಾನೆಲ್ ಬದಲಾಗುತ್ತದೆ. ಬಾಕ್ಸ್ ಒಂದೇ ಆದ್ದರಿಂದ ಹಾಲ್‌ನಲ್ಲೂ ಬದಲಾಗುತ್ತದೆ. ಇದನ್ನು ಆಕೆ ನಮಗೆ ತಿಳಿಸುವ ಅಗತ್ಯ ಕಾಣಲಿಲ್ಲ.

ಜುಲೈ 23, ಶನಿವಾರ, ಲಾರ್ಡ್ಸ್ ಟೆಸ್ಟ್. 1996ರಲ್ಲಿ ಇದೇ ಮೈದಾನದಲ್ಲಿ ತನ್ನ ಮೊದಲ ಟೆಸ್ಟಿನಲ್ಲೇ ನಮ್ಮ ರಾಹುಲ್ ದ್ರಾವಿಡ್ 95ಕ್ಕೆ ಔಟಾಗಿದ್ದ. ಉಳಿದ ಐದು ರನ್ನಿಗೆ ಅಪ್ಪ 15 ವರ್ಷ ಕಾದಿದ್ದರು. ದ್ರಾವಿಡ್ ತೊಂಬತ್ತು ದಾಟಿದ. ಅಪ್ಪ ಕುರ್ಚಿಯ ತುದಿಗೆ ಬಂದರು. ಬೌಲರ್ ಓಡಿ ಬಂದ, ಮತ್ತು ಜರತಾರಿ ಸೀರೆಯ ಅತ್ತೆಯೊಬ್ಬಳು ಸೊಸೆಯ ಕೆನ್ನೆಗೆ ಬಾರಿಸಿದಳು. ಹಿನ್ನೆಲೆಯಲ್ಲಿ ಗುಡುಗು.

ಅಪ್ಪ ರಿಮೋಟ್ ಒತ್ತಿದರು, ಮೈದಾನ ಬಂತು. ಅಡುಗೆಮನೆಯಿಂದ ಒತ್ತಿದರು, ಅತ್ತೆ ಬಂದಳು. ನಾಲ್ಕಾರು ಬಾರಿ ಹೀಗೆ.

"ಅತಿಕ್ರಮಣ!" ಅಂತ ಅಪ್ಪ ಅಡುಗೆಮನೆಗೆ ನುಗ್ಗಿದರು. ಅಲ್ಲಿ ಅಮ್ಮ ಕಾಳು ಬಿಡಿಸುತ್ತಾ ಕೂತಿದ್ದಾಳೆ, ನಮ್ಮವಳು ಒಗ್ಗರಣೆಗೆ ನಿಂತಿದ್ದಾಳೆ. ಧಾರಾವಾಹಿಯ ಅತ್ತೆಯನ್ನು ನಿಜವಾದ ಅತ್ತೆಸೊಸೆ ಸೇರಿ ಶಪಿಸುತ್ತಿದ್ದಾರೆ.

"ಮಾವ, ಕಣ್ಣು ಕೆಂಪಗಿದೆ" ಅಂದಳು ನಮ್ಮವಳು.

"ಬಿಪಿ ಮಾತ್ರೆ ತಗೊಂಡಿದ್ದೀನಮ್ಮ."

"ನಿಮ್ಮದಲ್ಲ ಮಾವ, ಮ್ಯಾಜಿಕ್ ಐಯದು. ಕೆಂಪಗಿದ್ದರೆ ಲೈನ್ ಸರಿಯಾಗಿದೆ ಅಂತ ಸರ್ದಾರ್ಜಿ ಹೇಳಿದ್ದಾರೆ."

ಮ್ಯಾಚ್ ವಾಪಸ್ಸು ಸಿಗುವಷ್ಟರಲ್ಲಿ ದ್ರಾವಿಡ್ ಬ್ಯಾಟ್ ಎತ್ತಿ ಇಳಿಸಿಯಾಗಿತ್ತು. ರೆಕಾರ್ಡಿಂಗ್? ಆ ಎರಡನೇ ತಂತಿಯಲ್ಲಿ ಮಕ್ಕಳು ಕಾರ್ಟೂನ್ ಹಿಡಿದಿದ್ದರು.

ಅವತ್ತಿನಿಂದ ಅಪ್ಪ ತಮ್ಮ ಪಾಲಿನ ಕೋಣೆಗೇ ಸೇರಿಕೊಂಡರು. ಸೆಪ್ಟೆಂಬರಿನಲ್ಲಿ ಅಧಿವೇಶನ ಶುರುವಾದ ಮೇಲೆ ಬಿಟ್ಟಿ ಚಾನೆಲ್ಲುಗಳಲ್ಲಿ ಬಿಬಿಸಿ ಪಾರ್ಲಿಮೆಂಟ್ ಅವರಿಗೆ ಹಿಡಿಸಿತು. ಹಸಿರು ಬೆಂಚಿನ ಮೇಲೆ ಅಷ್ಟೊಂದು ಜನ ತಕರಾರು ತೆಗೆಯುವುದು, ಸ್ಪೀಕರ್ "ಆರ್ಡರ್, ಆರ್ಡರ್" ಅಂತ ಗದರುವುದು. ತಾಲ್ಲೂಕು ಕಚೇರಿ ಬಿಟ್ಟ ಮೇಲೆ ಅಷ್ಟು ನೆಮ್ಮದಿಯಾಗಿ ಅವರು ಕೂತದ್ದು ನಾನು ನೋಡಿರಲಿಲ್ಲ.

ಊರಿಗೆ ಹೊರಡುವ ಹಿಂದಿನ ರಾತ್ರಿ ಒಂದು ಪಾಲುಪತ್ರ ಬರೆದು ಮೀಟರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದರು. ಎ ಷೆಡ್ಯೂಲ್ ಹಾಲ್, ಬಿ ಷೆಡ್ಯೂಲ್ ಮಲಗುವ ಕೋಣೆ. ಪ್ರತಿ ತಂತಿಗೂ ಚೆಕ್ಕುಬಂದಿ: ಪೂರ್ವಕ್ಕೆ ಬಾಯ್ಲರ್, ಪಶ್ಚಿಮಕ್ಕೆ ಮೆಟ್ಟಿಲು, ಉತ್ತರಕ್ಕೆ ಪಕ್ಕದ ಮನೆಯವರ ಗೋಡೆ. ಕೊನೆಯ ಷರತ್ತು ಹೀಗಿದೆ: "ಅಡುಗೆಮನೆಯ ಕಣ್ಣಿಗೆ ಹಾಲ್‌ನ ಬಾಕ್ಸಿನ ಮೇಲೆ ಅನುಭವದ ಹಕ್ಕು ಉಂಟು. ಆದರೆ ಕರ್ನಾಟಕದ ಯಾವನೇ ಆಟಗಾರ ತೊಂಬತ್ತು ದಾಟಿದಲ್ಲಿ, ಸದರಿ ಹಕ್ಕು ನೂರು ಆಗುವ ತನಕ ಅಮಾನತ್ತಿನಲ್ಲಿ ಇರತಕ್ಕದ್ದು."

ಅದರ ಕೆಳಗೆ ಅಮ್ಮ ಪೆನ್ಸಿಲ್ಲಿನಲ್ಲಿ "ಒಪ್ಪಿಗೆ ಇಲ್ಲ" ಅಂತ ಬರೆದು ರುಜು ಹಾಕಿದ್ದಾಳೆ.