ಡಿ ಗ್ರೂಪ್ ಅಂಪೈರ್

ಅಂಪೈರ್ ಆಗಲು ಮೊದಲ ಅರ್ಹತೆ, ಬೇಗ ಔಟಾಗುವುದು. ನಮ್ಮ ಟೆನಿಸ್ ಬಾಲ್ ಪಂದ್ಯಗಳಲ್ಲಿ ಬ್ಯಾಟಿಂಗ್ ತಂಡದವನೇ ಅಂಪೈರ್. ಸೊನ್ನೆ ಸುತ್ತಿ ಬಂದವನನ್ನು ವಾಪಸ್ ಅಟ್ಟುತ್ತಾರೆ. ಎಲ್‌ಬಿಡಬ್ಲ್ಯು ಇಲ್ಲವೆಂದು ಟಾಸಿಗೆ ಮೊದಲೇ ಮಾತಾಗಿರುತ್ತದೆ. ಬ್ಯಾಟ್ಸ್‌ಮನ್ ಮೇಲಿನ ಕರುಣೆಗಲ್ಲ, ಅಂಪೈರಿನ ಪ್ರಾಣರಕ್ಷಣೆಗೆ.

ಅಲ್ಲಿಂದ ಮೇಲೇರಲು ಪರೀಕ್ಷೆಗಳಿವೆ. ಮೊದಲು ರಾಜ್ಯ ಸಂಸ್ಥೆಯದು, ಆಮೇಲೆ ಬಿಸಿಸಿಐಯದು. 2022ರಲ್ಲಿ ಅಹಮದಾಬಾದಿನಲ್ಲಿ ಬಿಸಿಸಿಐ ನಡೆಸಿದ ಪರೀಕ್ಷೆಗೆ ಕೂತವರು 140 ಮಂದಿ, ಪಾಸಾದವರು ಮೂವರು. ವಿಶ್ವಕಪ್ ಫೈನಲ್ಲಿಗಲ್ಲ ಸ್ವಾಮಿ, ಮಹಿಳೆಯರ, ಕಿರಿಯರ ಪಂದ್ಯಗಳಲ್ಲಿ ನಿಲ್ಲುವ ಗ್ರೂಪ್ ಡಿ ಹುದ್ದೆಗೆ! ಪಿಚ್ ಮೇಲೆ ಪೆವಿಲಿಯನ್ನಿನದೋ ಮರದ್ದೋ ಫೀಲ್ಡರನದೋ ನೆರಳು ಬಿದ್ದು ಬ್ಯಾಟರ್ ದೂರಿದರೆ ಏನು ಮಾಡುತ್ತೀರಿ ಎಂಬುದೊಂದು ಪ್ರಶ್ನೆ. ಕಟ್ಟಡ, ಮರದ ನೆರಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಫೀಲ್ಡರ್ ಮಾತ್ರ ಅಲ್ಲಾಡಬಾರದು ಎಂಬುದು ಉತ್ತರ. ನಮ್ಮ ತಾಲ್ಲೂಕು ಮೈದಾನದ ಪಿಚ್ಚಿಗೆ ಬರುವುದು ನೆರಳಲ್ಲ. ದನ, ಪಕ್ಕದ ಪಂದ್ಯದ ಚೆಂಡು, ಅದರ ಹಿಂದೆಯೇ ಪಕ್ಕದ ಪಂದ್ಯದ ಫೀಲ್ಡರ್. ಇವು ಸಿಲಬಸ್ಸಿನಲ್ಲಿಲ್ಲ.

ಕೆಳ ಹಂತದಲ್ಲಿ ನಿಂತ ಬಡಪಾಯಿ ಅಂಪೈರಿಗೆ ಎಲ್ಲವೂ ತನ್ನದೇ ಹೊಣೆ. ಬೌಲರನ ಕಾಲು ನೋಡಬೇಕು, ಆ ಕ್ಷಣವೇ ತಲೆಯೆತ್ತಿ ಚೆಂಡು ನೋಡಬೇಕು, ಬ್ಯಾಟಿನ ಅಂಚಿಗೆ ಕಿವಿ ಕೊಡಬೇಕು, ಟ್ರೋಫಿ ಕೊಡಿಸಿದ ಧಣಿ ಶಾಮಿಯಾನದಿಂದ ಕೂಗುವುದಕ್ಕೆ ಮಾತ್ರ ಕಿವುಡಾಗಬೇಕು.

ಬಡ್ತಿ ಎಂದರೆ ಈ ಹೊರೆ ಒಂದೊಂದಾಗಿ ಇಳಿಯುವುದು. ರನೌಟನ್ನು ಟಿವಿ ಅಂಪೈರ್ ಎತ್ತಿಕೊಳ್ಳಲು ಶುರುಮಾಡಿದ್ದು 1992ರಲ್ಲಿ, ಡರ್ಬನ್ನಿನಲ್ಲಿ. ಮೊದಲ ಬಲಿ ನಮ್ಮ ತೆಂಡೂಲ್ಕರ್. ಅಂಚಿನ ಸದ್ದು ಮೈಕಿನ ಪಾಲಾಯಿತು, ಎಲ್‌ಬಿಡಬ್ಲ್ಯು ಕ್ಯಾಮೆರಾಗಳ ಪಾಲಾಯಿತು. 2020ರಿಂದ ಮುಂಗಾಲಿನ ನೋಬಾಲೂ ಮೇಲಿನ ಕೋಣೆಗೆ ಹೋಗತೊಡಗಿತು. ಐಪಿಎಲ್‌ನಲ್ಲಿ 2023ರಿಂದ ವೈಡ್ ಕೊಟ್ಟರೂ ರಿವ್ಯೂ. ಮೊದಲು ಹೀಗಿರಲಿಲ್ಲ. 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ ಹತ್ತೂ ವಿಕೆಟ್ ಕಿತ್ತಾಗ ಅಂಪೈರ್‌ಗಳಲ್ಲಿ ಒಬ್ಬರು ಕರ್ನಾಟಕದವರೇ ಆದ ಎ.ವಿ. ಜಯಪ್ರಕಾಶ್. ಆಗ ಎತ್ತಿದ ಬೆರಳಿಗೆ ಮೇಲ್ಮನವಿ ಇರಲಿಲ್ಲ. ಈಗ ಎಲೀಟ್ ಪ್ಯಾನೆಲ್ಲಿಗೆ ಏರಿದವರು ಬೆರಳೆತ್ತುವುದು ಕೆಳ ನ್ಯಾಯಾಲಯದ ತೀರ್ಪಿನಂತೆ. ನೂರು ನೆರಳಿನ ಪ್ರಶ್ನೆ ದಾಟಿ ತುದಿ ಮುಟ್ಟಿದ ಮೇಲೆ ಉಳಿಯುವ ಖಚಿತ ಕೆಲಸ, ಬೌಲರನ ಟೋಪಿ ಹಿಡಿದುಕೊಳ್ಳುವುದು. ಅದನ್ನೂ ಕೋವಿಡ್ ಕಾಲದಲ್ಲಿ ಕೆಲದಿನ ಕಿತ್ತುಕೊಂಡಿದ್ದರು.

ತಪ್ಪಾಯಿತೋ, ದೊಡ್ಡ ಪರದೆ ನೋಡಿ, ಎದೆಯ ಮೇಲೆ ಕೈ ಅಡ್ಡಹಾಕಿ ಎರಡೂ ಭುಜ ಮುಟ್ಟಿಕೊಂಡರೆ ಮುಗಿಯಿತು. ತಾಲ್ಲೂಕು ಪಂದ್ಯದಲ್ಲೂ ತಪ್ಪು ತೀರ್ಪಿಗೆ ಅಂಪೈರಿನ ಭುಜದ ಮೇಲೆ ಕೈ ಬೀಳುತ್ತದೆ. ಆ ಕೈ ಅವನದಲ್ಲ.