ಕಟಕ್ ಪುರಾಣ

ಮೌಂಟನ್ ಬೈಕಿನ ಸದ್ದಿಗೆ ಒಂದು ದುರ್ಬುದ್ಧಿ: ನಂದಿಬೆಟ್ಟದ ಏರಿನಲ್ಲಿ ತುಳಿದಾಗಲೆಲ್ಲ ‘ಕಟಕ್’ ಎನ್ನುತ್ತದೆ, ಮೆಕ್ಯಾನಿಕ್ ಎದುರು ಮೌನವ್ರತ. ಎಲ್ಲರ ಅನುಮಾನವೂ ಮೊದಲು ಪೆಡಲುಗಳ ನಡುವೆ ಕೂತ ಪಾಪದ ಬಾಟಮ್ ಬ್ರಾಕೆಟ್ ಮೇಲೆ. ಆದರೆ ಫ್ರೇಮಿನ ಕೊಳವೆಗಳು ಟೊಳ್ಳು; ತಂಬೂರಿಯ ಬುರುಡೆಯಂತೆ ಎಲ್ಲಿಯದೋ ಸದ್ದನ್ನು ಇನ್ನೆಲ್ಲಿಂದಲೋ ಹೊರಡಿಸುತ್ತವೆ.

ಎದ್ದು ನಿಂತು ತುಳಿಯಿರಿ. ಸದ್ದು ನಿಂತಿತೇ? ಕಳ್ಳ ಸೀಟಿನಡಿಯಲ್ಲೇ ಇದ್ದಾನೆ. ಸೀಟ್‌ಪೋಸ್ಟ್ ಕಳಚಿ, ಮಣ್ಣೊರೆಸಿ, ಅಲ್ಯೂಮಿನಿಯಮ್ಮಾದರೆ ಗ್ರೀಸ್ ಹಚ್ಚಿ, ಕಾರ್ಬನ್ನಾದರೆ ಅದರದೇ ಪೇಸ್ಟ್. ತುಳಿಯದೆ ಉರುಳುವಾಗಲೂ ಸದ್ದಿದ್ದರೆ ಪೆಡಲು, ಕ್ರ್ಯಾಂಕು ಬಹುಮಟ್ಟಿಗೆ ನಿರಪರಾಧಿಗಳು. ಆಕ್ಸಲ್ಲು, ಕಡ್ಡಿ, ಹ್ಯಾಂಡಲಿನ ಬುಡದ ಹೆಡ್‌ಸೆಟ್ಟು ವಿಚಾರಣೆಗೆ ಹಾಜರಾಗಲಿ.

ಸದ್ದೆಂದರೆ ಎಣ್ಣೆ ಎಂದು ಡಿಸ್ಕ್ ಬ್ರೇಕಿಗೂ ಸುರಿಯುವ ಉದಾರಿಗಳಿದ್ದಾರೆ. ಅವರ ಬೈಕು ಆಮೇಲೆ ನಿಲ್ಲುವುದೇ ಕಷ್ಟ.

ಇಷ್ಟಾದರೂ ‘ಕಟಕ್’ ಎಂದರೆ ಸವಾರನನ್ನು ಕೆಳಗಿಳಿಸಿ, ಅವನ ಮಂಡಿಯನ್ನೊಮ್ಮೆ ಮಡಿಸಿ ನೋಡಿ.