ಪ್ರಕಟಣೆಯ ಕೃಪೆಗಾಗಿ

ಕರ್ನಾಟಕದ 31 ಜಿಲ್ಲೆಗಳಲ್ಲೂ ಕಂಡುಬರುವ, ಆದರೆ ಯಾವ ಫೋಟೊದಲ್ಲೂ ಕಾಣದ ಒಬ್ಬ ಸರ್ಕಾರಿ ನೌಕರರೆಂದರೆ ಜಿಲ್ಲಾ ವಾರ್ತಾಧಿಕಾರಿ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ ಸೇರಿದ ಇವರು ಸರ್ಕಾರ ಮಾಡಿದ್ದನ್ನು ಜನರಿಗೆ ತಿಳಿಸಬೇಕು. ಮಾಡದೆ ಇದ್ದದ್ದನ್ನು ‘ಕ್ರಮ ಕೈಗೊಳ್ಳಲಾಗುವುದು’ ಎಂದು ತಿಳಿಸಬೇಕು. ಕಚೇರಿಗೆ ಮಂಜೂರಾದ ಹುದ್ದೆಗಳು ಕೆಲವು, ಭರ್ತಿಯಾದವು ಅದಕ್ಕಿಂತ ಕಡಿಮೆ. ಖಾಲಿ ಕುರ್ಚಿಗಳ ಕೆಲಸವೆಲ್ಲ ‘ಪ್ರಭಾರ’ ಎಂಬ ಹೆಸರಿನಲ್ಲಿ ಇವರ ಮೇಜಿಗೇ ಬರುತ್ತದೆ. ಕಚೇರಿಯ ವಾಹನ ಬಹುಪಾಲು ದಿನ ಬೇರೆ ಯಾರದೋ ಪ್ರವಾಸದ ಮೇಲಿರುತ್ತದೆ.

ಈ ವರ್ಗದ ಮುಖ್ಯ ಲಕ್ಷಣ ಆಶಾವಾದ. ಬೆಳಿಗ್ಗೆ ಹನ್ನೊಂದಕ್ಕೆ ಎಂದು ಅಚ್ಚಾದ ಸಮಾರಂಭ ಹನ್ನೊಂದಕ್ಕೇ ಶುರುವಾಗುತ್ತದೆಂದು ನಂಬಿ ಹತ್ತೂವರೆಗೆ ಬಂದು ಕೂರುವವರು ಇಬ್ಬರು: ಮೈಕ್ ಸೆಟ್ಟಿನವನು ಮತ್ತು ವಾರ್ತಾಧಿಕಾರಿ. ಮೈಕ್ ಸೆಟ್ಟಿನವನಿಗೆ ಬಾಡಿಗೆಯಾದರೂ ಸಿಗುತ್ತದೆ.

ಕೆಲಸ ಮೊದಲಾಗುವುದು ಆಹ್ವಾನ ಪತ್ರಿಕೆಯಿಂದ. ಅದನ್ನು ಯಾವ ಇಲಾಖೆಯೇ ಅಚ್ಚು ಹಾಕಿಸಲಿ, ‘ಒಂದು ಸಲ ನೋಡಿಕೊಡಿ ಸಾರ್’ ಎಂದು ಕರಡು ಬರುವುದು ಇವರ ಹತ್ತಿರವೇ. ಉದ್ಘಾಟನೆ ಉಸ್ತುವಾರಿ ಸಚಿವರದು, ಅಧ್ಯಕ್ಷತೆ ಸ್ಥಳೀಯ ಶಾಸಕರದು. ಆಮೇಲೆ ಸಂಸದರು, ವಿಧಾನ ಪರಿಷತ್ತಿನ ಸದಸ್ಯರು, ನಿಗಮ ಮಂಡಳಿಗಳ ಅಧ್ಯಕ್ಷರು ಶಿಷ್ಟಾಚಾರದ ಪ್ರಕಾರ ಒಬ್ಬರ ಕೆಳಗೊಬ್ಬರು ಬರಬೇಕು. ಒಂದು ಹೆಸರು ಒಂದು ಸಾಲು ಕೆಳಗಿಳಿದರೂ ಹಕ್ಕುಚ್ಯುತಿಯ ಮಾತು ಮೇಲೇಳುತ್ತದೆ. ಎಲ್ಲ ಹೆಸರುಗಳನ್ನೂ ಹಿಡಿಸಿದ ಮೇಲೆ ಕಾರ್ಯಕ್ರಮ ಯಾತಕ್ಕೆ ಎಂದು ಬರೆಯಲು ಎರಡು ಬೆರಳಿನಷ್ಟು ಜಾಗ ಉಳಿದಿರುತ್ತದೆ. ಆ ಎರಡು ಬೆರಳು ಜಾಗ ಸಿಕ್ಕಿತಲ್ಲ ಎಂದು ಸಂತೋಷಪಡುವವರೇ ಈ ಹುದ್ದೆಯಲ್ಲಿ ಬಾಳುತ್ತಾರೆ.

ವರ್ಷದುದ್ದಕ್ಕೂ ಬರುವ ಸರ್ಕಾರಿ ಜಯಂತಿಗಳು ಇವರ ಕಸುಬಿನ ನಿಜವಾದ ಪರೀಕ್ಷೆ. ದೇವರ ದಾಸಿಮಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಭಗೀರಥ, ವಾಲ್ಮೀಕಿ, ಕನಕದಾಸ, ಕೆಂಪೇಗೌಡ ಎಲ್ಲರೂ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಾರೆ, ಸಭಿಕರು ಹಾಗೆ ಬರುವುದಿಲ್ಲ. ಭಾಷಣದಲ್ಲೂ ಹೊಸತೇನೂ ಇರುವುದಿಲ್ಲ: ಮಹನೀಯರ ಆದರ್ಶಗಳನ್ನು ಎಲ್ಲರೂ ಅಳವಡಿಸಿಕೊಳ್ಳಬೇಕು. ಅಷ್ಟರಲ್ಲೇ ಪ್ರತಿ ವರ್ಷ ಬೇರೆ ತಲೆಬರಹ ಹುಟ್ಟಬೇಕು. ಸೋಮಾರಿಗಳು ಹೋದ ವರ್ಷದ ಕಡತ ತೆರೆದು ದಿನಾಂಕ ಬದಲಿಸುತ್ತಾರೆ; ಜಿಲ್ಲಾಧಿಕಾರಿಯ ಹೆಸರು ಬದಲಿಸಲು ಮರೆತು, ವರ್ಗವಾಗಿ ಹೋದವರಿಂದ ದೀಪ ಬೆಳಗಿಸುತ್ತಾರೆ. ಜಾಣರು ಪೀಠಿಕೆಯನ್ನೆಲ್ಲ ಬಿಟ್ಟು, ಭಾಷಣಕಾರರು ನಡುವೆ ಬಾಯಿತಪ್ಪಿ ಆಡಿದ ಒಂದು ಒಳ್ಳೆಯ ಮಾತಿಗೆ ಕಾಯುತ್ತಾರೆ. ಅದು ಸಿಗದಿದ್ದರೆ ತಾವೇ ಒಂದನ್ನು ಆಡಿಸುತ್ತಾರೆ. ಹಾಗೆ ಆಡಿಸಿದ ಮಾತನ್ನು ಮರುದಿನ ಪತ್ರಿಕೆಯಲ್ಲಿ ಓದಿ ಯಾವ ಗಣ್ಯರೂ ಅದು ತಮ್ಮದಲ್ಲವೆಂದು ಹೇಳುವುದಿಲ್ಲ.

ಛಾಯಾಚಿತ್ರದ ವಿದ್ಯೆಯೂ ಇಂಥದ್ದೇ. ಇನ್ನೂರು ಕುರ್ಚಿಗಳ ಸಭಾಂಗಣದಲ್ಲಿ ಐವತ್ತು ಜನ, ಅವರಲ್ಲಿ ಅರ್ಧದಷ್ಟು ಹಾಸ್ಟೆಲ್‌ನಿಂದ ಕರೆತಂದ ಮಕ್ಕಳು. ಕ್ಯಾಮೆರಾ ಕೆಳಗಿಳಿದು, ಪಕ್ಕಕ್ಕೆ ಸರಿದು, ಮೊದಲ ಮೂರು ಸಾಲಿನಲ್ಲಿ ಜನಸಾಗರವನ್ನು ಕಾಣಬೇಕು. ವೇದಿಕೆಯ ಮೇಲೆ ಇದಕ್ಕೆ ತದ್ವಿರುದ್ಧದ ತಾಪತ್ರಯ: ಒಂದು ಬತ್ತಿಗೆ ಒಂಬತ್ತು ಕೈ. ದೀಪವೂ ಕಾಣಬೇಕು, ಒಂಬತ್ತು ಮುಖಗಳೂ ಕಾಣಬೇಕು, ಯಾರೂ ಕಣ್ಣು ಮುಚ್ಚಿರಬಾರದು.

ಪತ್ರಿಕಾ ಪ್ರಕಟಣೆಯಲ್ಲಿ ಕ್ರಿಯಾಪದಗಳಿಗೂ ಜ್ಯೇಷ್ಠತಾ ಪಟ್ಟಿಯಿದೆ. ಸಚಿವರು ‘ಕರೆ ನೀಡುತ್ತಾರೆ’, ಜಿಲ್ಲಾಧಿಕಾರಿ ‘ಸೂಚಿಸುತ್ತಾರೆ’, ಕೆಳಗಿನ ಅಧಿಕಾರಿ ‘ಮಾಹಿತಿ ನೀಡುತ್ತಾರೆ’, ನಿವೃತ್ತ ಪ್ರಾಧ್ಯಾಪಕರು ‘ಅಭಿಪ್ರಾಯಪಡುತ್ತಾರೆ’. ಪ್ರಗತಿ ಪರಿಶೀಲನಾ ಸಭೆಯಲ್ಲಿ ಮೇಜು ಕುಟ್ಟಿ ಕೂಗಾಡಿದ್ದು ‘ತಾಕೀತು ಮಾಡಿದರು’ ಎಂದಾಗುತ್ತದೆ. ಉತ್ತರ ಗೊತ್ತಿಲ್ಲದೆ ಅಧಿಕಾರಿಗಳು ತಲೆ ತಗ್ಗಿಸಿ ನಿಂತದ್ದು ‘ವಿಸ್ತೃತವಾಗಿ ಚರ್ಚಿಸಲಾಯಿತು’ ಎಂದಾಗುತ್ತದೆ. ಕೊನೆಗೆ ‘ಮತ್ತಿತರರು ಉಪಸ್ಥಿತರಿದ್ದರು’. ವಾರ್ತಾಧಿಕಾರಿ ಸೇವೆಯುದ್ದಕ್ಕೂ ಇರುವುದು ಆ ಮತ್ತಿತರರ ಪೈಕಿ.

ಬರೆದದ್ದು ಹೊರಗೆ ಹೋಗುವುದೇ ಒಂದು ಸಾಹಸ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಕುಟ್ಟಿದ ಕಡತ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಒಂದಕ್ಷರವೂ ಕನ್ನಡವಾಗಿರುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸಿದರೆ ಕನ್ನಡವೇನೋ ಬರುತ್ತದೆ, ಆದರೆ ಅರ್ಕಾವತ್ತುಗಳು ಕೆಲವೊಮ್ಮೆ ಪಕ್ಕದ ಮನೆ ಸೇರಿರುತ್ತವೆ. ಅವನ್ನೆಲ್ಲ ಹುಡುಕಿ ಸ್ವಸ್ಥಾನಕ್ಕೆ ಕಳಿಸಿ, ಪತ್ರಕರ್ತರ ವಾಟ್ಸ್ಆ್ಯಪ್ ಗುಂಪಿಗೆ ‘ಪ್ರಕಟಣೆಯ ಕೃಪೆಗಾಗಿ’ ಎಂದು ಹಾಕುವಷ್ಟರಲ್ಲಿ ಜಿಲ್ಲಾ ಪುಟ ಮುಗಿಯುವ ಹೊತ್ತು. ಗುಂಪಿನಿಂದ ಬರುವ ಮೊದಲ ಪ್ರತಿಕ್ರಿಯೆ ‘ಫೋಟೊ?’ ಎಂಬುದು.

ಮೇಲಿನಿಂದ ಬರುವ ಕಟ್ಟಳೆಗಳೂ ಕಡಿಮೆಯಿಲ್ಲ. 2015ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಜಾಹೀರಾತುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ ಮತ್ತು ಮುಖ್ಯ ನ್ಯಾಯಮೂರ್ತಿಯ ಹೊರತು ಬೇರಾರ ಚಿತ್ರವೂ ಬೇಡವೆಂದಿತು. 2016ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ, ಸಚಿವರ ಚಿತ್ರಗಳಿಗೆ ಮತ್ತೆ ಅವಕಾಶ ಸಿಕ್ಕಿತು. ನಡುವಿನ ಆ ಹತ್ತು ತಿಂಗಳು ಜಾಹೀರಾತಿನಲ್ಲಿ ವಿಷಯ ಬರೆಯಲು ಧಾರಾಳ ಜಾಗವಿತ್ತು. ಅಷ್ಟು ಜಾಗದ ಅಭ್ಯಾಸವಿಲ್ಲದೆ ಬರೆಯುವವರು ತಡವರಿಸಿದ್ದರೆ ತಪ್ಪಲ್ಲ. ಅದೇ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್‌ಗಳನ್ನು ನಿಷೇಧಿಸಿತು. ಬಟ್ಟೆ ಬ್ಯಾನರ್‌ಗೆ ಖರ್ಚು ಹೆಚ್ಚು, ಆದರೆ ಸಮಾರಂಭ ಮುಗಿದ ಮೇಲೆ ಕಂಪ್ಯೂಟರಿಗೆ ಹೊದಿಸಲು ಬರುತ್ತದೆ ಎಂಬ ಒಳ್ಳೆಯ ಅಂಶವನ್ನು ಮೊದಲು ಗುರುತಿಸಿದ್ದು ಇದೇ ಕಚೇರಿಯಾಗಿದ್ದರೆ ಆಶ್ಚರ್ಯವಿಲ್ಲ.

ಚುನಾವಣೆ ಘೋಷಣೆಯಾದ ದಿನ ಇವರ ಬದುಕು ಬುಡಮೇಲಾಗುತ್ತದೆ. ವರ್ಷಗಟ್ಟಲೆ ಕಷ್ಟಪಟ್ಟು ಏರಿಸಿದ ಪ್ರಚಾರ ಫಲಕಗಳು ಸರ್ಕಾರಿ ಕಟ್ಟಡಗಳಿಂದ 24 ಗಂಟೆಗಳಲ್ಲಿ ಇಳಿಯಬೇಕು. ಇಷ್ಟು ದಿನ ಹೊಗಳುವುದು ಕೆಲಸವಾಗಿದ್ದವರು, ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿಯಲ್ಲಿ ಕೂತು ಬೇರೆಯವರ ಹೊಗಳಿಕೆಗೆ ಲೆಕ್ಕ ಹಿಡಿಯಬೇಕು. ಜೊತೆಗೆ ಮತದಾರರ ಜಾಗೃತಿಯ ಜಾಥಾ, ರಂಗೋಲಿ, ಮಾನವ ಸರಪಳಿ. ಯಾರ ಹೆಸರೂ ಹಾಕಬೇಕಾಗಿಲ್ಲದ ಏಕೈಕ ಪ್ರಚಾರ ಇದಾದ್ದರಿಂದ ಇವರು ಅದರಲ್ಲಿ ಮೈಮರೆತು ದುಡಿಯುತ್ತಾರೆ.

ಇವರ ಪ್ರತಿಭೆ ಪೂರ್ತಿ ಅರಳುವುದು ಸಂತೆ ಬಯಲಿನಲ್ಲಿ. ಗಂಗಾ ಕಲ್ಯಾಣ ಯೋಜನೆಯ ಮಾರ್ಗಸೂಚಿಯನ್ನು ಬೀದಿ ನಾಟಕ, ಜನಪದ ಸಂಗೀತದ ತಂಡಗಳ ಕೈಗೆ ಕೊಟ್ಟು ಹಾಡು ಕಟ್ಟಿಸಬೇಕು. ಕೊಳವೆಬಾವಿಯಾದರೆ ತಮಟೆಗೆ ಒಗ್ಗುತ್ತದೆ. ‘ವಾರ್ಷಿಕ ಆದಾಯ ಮಿತಿ’, ‘ಜಾತಿ ಪ್ರಮಾಣಪತ್ರ’, ‘ಪಹಣಿ’ಗಳನ್ನು ತಾಳಕ್ಕೆ ಕೂರಿಸುವುದು ಸಣ್ಣ ಕೆಲಸವಲ್ಲ. ಸಂಭಾವನೆ ಯಾವಾಗ ಬರುತ್ತದೆಂದು ಕಲಾವಿದರು ಕೇಳಿದರೆ, ಬಿಲ್ಲು ಖಜಾನೆಯಲ್ಲಿದೆ ಎಂದು ನಗುತ್ತಲೇ ಹೇಳಬೇಕು. ಕಲಾವಿದರೂ ನಗುತ್ತಾರೆ. ಸಂತೆಯ ಮುದುಕಿಯೊಬ್ಬಳು ಹಾಡು ಮುಗಿದ ಮೇಲೆ ‘ಅರ್ಜಿ ಎಲ್ಲಿ ಕೊಡಬೇಕಪ್ಪಾ?’ ಎಂದು ಕೇಳಿದರೆ ಆ ತಿಂಗಳು ಸಾರ್ಥಕ.

ಜನ ತಾವಾಗಿಯೇ ಇವರ ಪ್ರಕಟಣೆಗಾಗಿ ಕಾದದ್ದು 2020ರ ಲಾಕ್‌ಡೌನ್ ದಿನಗಳಲ್ಲಿ. ಸಂಜೆಯ ಕೋವಿಡ್ ವರದಿಯಲ್ಲಿ ಗಣ್ಯರಿರಲಿಲ್ಲ, ವಿಶೇಷಣಗಳಿರಲಿಲ್ಲ, ಅಂಕಿಗಳಷ್ಟೇ ಇದ್ದವು. ಅಷ್ಟೊಂದು ಓದುಗರು ಅವರಿಗೆ ಹಿಂದೆಂದೂ ಇರಲಿಲ್ಲ. ಅಂಥ ಓದುಗರು ಮತ್ತೆ ಸಿಗುವುದು ಬೇಡವೆಂದೇ ಅವರು ಬಯಸುತ್ತಾರೆ.

ಏಪ್ರಿಲ್ 21 ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನ. ಅಂದೂ ಇವರು ಮತ್ತಾರದೋ ಸಮಾರಂಭದ ವರದಿ ಬರೆಯುತ್ತಿರುತ್ತಾರೆ. ಆ ವರದಿಯ ಮೊದಲ ಮೂರು ಪ್ಯಾರಾಗಳು ಅವರ ಕೈಯಲ್ಲಿಲ್ಲ. ಅವು ಗಣ್ಯರಿಗೆ ಸೇರಿದವು. ವಾರ್ತಾಧಿಕಾರಿ ಸ್ವತಂತ್ರವಾಗಿ ಬರೆಯುವುದು ಕೊನೆಯದನ್ನು, ಮತ್ತು ಜನಕ್ಕೆ ಬೇಕಾದದ್ದನ್ನೆಲ್ಲ ಅವರು ತುಂಬುವುದು ಅಲ್ಲೇ. ಆದ್ದರಿಂದ ಓದುಗರು ಜಿಲ್ಲಾ ಪುಟದ ಇಂಥ ಸುದ್ದಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯದು. ಹೊಲಿಗೆ ಯಂತ್ರಕ್ಕೆ ಯಾರು ಅರ್ಹರು, ಯಾವ ಕಚೇರಿಗೆ ಹೋಗಬೇಕು, ಅರ್ಜಿ ಸಲ್ಲಿಸಲು ಕೊನೆಯ ದಿನ ಯಾವುದು ಎಂಬುದೆಲ್ಲ ‘ಮತ್ತಿತರರು ಉಪಸ್ಥಿತರಿದ್ದರು’ ಎಂಬುದಕ್ಕಿಂತ ಒಂದು ಸಾಲು ಮೇಲೆ ಇರುತ್ತದೆ.